ಹೊಸ ಕಾರಿನ ಟೈರಿನಲ್ಲಿ ಗಾಳಿ ಎಷ್ಟಿರಬೇಕು?

ಹೊಸ ಕಾರು ಕೈಗೆ ಬಂದಾಗ ಬಣ್ಣದ ಮೇಲೆ ಗೀರು ಬಿದ್ದಿದೆಯೇ, ದೀಪಗಳೆಲ್ಲ ಉರಿಯುತ್ತವೆಯೇ ಎಂದು ಸುತ್ತು ಹಾಕಿ ನೋಡುವ ನಾವು, ಟೈರಿನ ಗಾಳಿಯನ್ನು ಮಾತ್ರ ಕೊಟ್ಟವರ ಮಾತಿನ ಮೇಲೆಯೇ ಬಿಟ್ಟುಬಿಡುತ್ತೇವೆ. ಅದನ್ನು ಹಾಗೆ ಬಿಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಕಾರ್ಖಾನೆಯಿಂದ ಹೊರಟ ಕಾರು ಹಡಗಿನಲ್ಲೋ ಲಾರಿಯಲ್ಲೋ ಸಾಗಿ, ಆಮೇಲೆ ಅಂಗಳದಲ್ಲಿ ಬಹುಕಾಲ ನಿಂತಲ್ಲೇ ನಿಂತಿರಬೇಕಾಗುವುದರಿಂದ, ನೆಲಕ್ಕೆ ಒತ್ತಿಕೊಂಡ ಭಾಗ ಚಪ್ಪಟೆಯಾಗದಿರಲೆಂದು ಟೈರುಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ತುಂಬಿ ಕಳಿಸುವ ರೂಢಿಯಿದೆ. ಗ್ರಾಹಕರಿಗೆ ಒಪ್ಪಿಸುವ ಮುನ್ನ ಅದನ್ನು ಇಳಿಸಬೇಕು. ಆದರೆ ಹತ್ತಾರು ತಪಾಸಣೆಗಳ ನಡುವೆ ಕಣ್ಣಿಗೆ ಕಾಣದ ಈ ಕೆಲಸ ಉಳಿದುಹೋಗುವುದುಂಟು.

ನನ್ನ ಕಾರಿನಲ್ಲಿ ಆದದ್ದೂ ಅದೇ. ಸಣ್ಣ ಉಬ್ಬಿನ ಮೇಲೂ ಅದು ಎಗರುತ್ತಿತ್ತು. ಹೊಸದರಲ್ಲಿ ಸಸ್ಪೆನ್ಷನ್ ಬಿಗಿಯಾಗಿಯೇ ಇರುತ್ತದೆ ಎಂದು ಕೆಲವರು ಹೇಳಿದರು. ಬೆಳಿಗ್ಗೆ ಗಾಳಿ ಅಳೆಯುವ ಗೇಜ್ ಒತ್ತಿ ನೋಡಿದಾಗ, 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆಮಾನ) ಇರಬೇಕಾದ ನಾಲ್ಕೂ ಟೈರುಗಳಲ್ಲಿ ಒತ್ತಡ 40ನ್ನು ದಾಟಿತ್ತು. ಇಷ್ಟು ಗಾಳಿಯಿದ್ದರೆ ಟೈರಿನ ನಡುಭಾಗ ಮಾತ್ರ ರಸ್ತೆಗೆ ಹೆಚ್ಚು ಒತ್ತಿಕೊಂಡು ಬೇಗ ಸವೆಯುತ್ತದೆ, ಹಿಡಿತವೂ ಕುಗ್ಗುತ್ತದೆ. ಗಾಳಿ ಕಡಿಮೆಯಾದರೆ ಅಪಾಯ ಇನ್ನೂ ದೊಡ್ಡದು: ಪಕ್ಕದ ಗೋಡೆಗಳು ಪ್ರತಿ ಸುತ್ತಿನಲ್ಲೂ ಅತಿಯಾಗಿ ಬಾಗಿ ಕಾದು, ವೇಗದಲ್ಲಿರುವಾಗ ಟೈರು ಒಡೆಯುವ ಸಂಭವವಿರುತ್ತದೆ.

ಸರಿಯಾದ ಅಂಕಿ ಇರುವುದು ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದಾಗ ಕಂಬದ ಮೇಲೆ ಕಾಣುವ ಚೀಟಿಯಲ್ಲಿ. ಕೆಲವು ಕಾರುಗಳಲ್ಲಿ ಇಂಧನ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ. ಮುಂದಿನ ಮತ್ತು ಹಿಂದಿನ ಟೈರುಗಳಿಗೆ ಬೇರೆ ಬೇರೆ ಅಂಕಿ ಇರಬಹುದು, ಪೂರ್ತಿ ಜನ ಮತ್ತು ಸಾಮಾನು ತುಂಬಿದಾಗಿನ ಅಂಕಿ ಪ್ರತ್ಯೇಕವಾಗಿಯೂ ಇರಬಹುದು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ಅಂಕಿ ಆ ಟೈರಿನ ಗರಿಷ್ಠ ಮಿತಿಗೆ ಸಂಬಂಧಿಸಿದ್ದು. ನಿಮ್ಮ ಕಾರಿನ ತೂಕ ಟೈರು ತಯಾರಿಸಿದವರಿಗೆ ಗೊತ್ತಿರುವುದಿಲ್ಲವಾದ್ದರಿಂದ ಅದನ್ನು ನೋಡಿ ಗಾಳಿ ತುಂಬಿಸಬಾರದು. ಚೀಟಿಯಲ್ಲಿ ಬಾರ್ ಎಂದಿದ್ದರೆ 1 ಬಾರ್ ಎಂದರೆ 14.5 ಪಿಎಸ್‌ಐ, ಅಥವಾ 100 ಕಿಲೋಪ್ಯಾಸ್ಕಲ್.

ಆ ಅಂಕಿ ತಣ್ಣಗಿರುವ ಟೈರಿನದು ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಕಾರು ಕನಿಷ್ಠ 3 ಗಂಟೆ ನಿಂತಿರಬೇಕು, ಇಲ್ಲವೇ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಒಂದು ಬದಿಗೆ ಬಿಸಿಲು ಬೀಳುತ್ತಿದ್ದರೂ ಆ ಬದಿಯ ಅಂಕಿ ಏರುತ್ತದೆ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ 4ರಿಂದ 6 ಪಿಎಸ್‌ಐ ಹೆಚ್ಚುವುದು ಸಹಜ. ಅದನ್ನು ಕಂಡು ಗಾಳಿ ಬಿಟ್ಟು ಚೀಟಿಯ ಅಂಕಿಗೆ ತಂದರೆ, ಮರುದಿನ ಬೆಳಿಗ್ಗೆ ಟೈರು ಅಷ್ಟೇ ಪ್ರಮಾಣದಲ್ಲಿ ಸೊರಗಿರುತ್ತದೆ. ಬಿಸಿಯಾಗಿದ್ದಾಗಲೇ ಚೀಟಿಯ ಅಂಕಿಗಿಂತ ಕಡಿಮೆ ತೋರಿಸಿದರೆ ಮಾತ್ರ ತಡಮಾಡದೆ ತುಂಬಿಸಿ, ತಣ್ಣಗಾದ ಮೇಲೆ ಮತ್ತೆ ಅಳೆಯಬೇಕು. ಹವಾಮಾನವೂ ಲೆಕ್ಕಕ್ಕೆ ಬರುತ್ತದೆ: ತಾಪಮಾನ 5–6 ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ.

ಅಳೆಯುವ ಕೆಲಸಕ್ಕೆ ಸ್ವಂತದ್ದೊಂದು ಗೇಜ್ ಇರಲಿ. ವಾಲ್ವಿನ ಮುಚ್ಚಳ ಬಿಚ್ಚಿ ಜೇಬಿಗೆ ಹಾಕಿಕೊಂಡು, ಗೇಜಿನ ಬಾಯನ್ನು ನೇರವಾಗಿ, ಒಂದೇ ಸಲಕ್ಕೆ ಗಟ್ಟಿಯಾಗಿ ಒತ್ತಬೇಕು. ಓರೆಯಾಗಿ ಹಿಡಿದರೆ ಬುಸ್ ಎಂಬ ಸದ್ದು ನಿಲ್ಲುವುದೇ ಇಲ್ಲ, ಅಂಕಿಯೂ ಕಡಿಮೆ ಬರುತ್ತದೆ. ಗಾಳಿ ಹೆಚ್ಚಿದ್ದರೆ ವಾಲ್ವಿನ ನಡುವಿನ ಕಡ್ಡಿಯನ್ನು ಒಂದೆರಡು ಸೆಕೆಂಡ್ ಒತ್ತಿ ಬಿಟ್ಟು ಮತ್ತೆ ಅಳೆಯಬೇಕು; ಅಂದಾಜಿನ ಮೇಲೆ ಬಹಳ ಹೊತ್ತು ಒತ್ತಿದರೆ ಪುನಃ ತುಂಬಿಸುವ ಕೆಲಸ ಬೀಳುತ್ತದೆ. ಕೊನೆಯಲ್ಲಿ ವಾಲ್ವಿನ ಬಾಯಿಗೆ ಒಂದು ಹನಿ ಸೋಪಿನ ನೀರು ಬಿಟ್ಟರೆ, ಸೋರಿಕೆಯಿದ್ದಲ್ಲಿ ಗುಳ್ಳೆ ಏಳುತ್ತದೆ. ಮುಚ್ಚಳವನ್ನು ಮರೆಯದೆ ಹಾಕಬೇಕು, ಏಕೆಂದರೆ ಧೂಳು ಒಳಗೆ ಸೇರಿದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ಗಾಳಿ ಕಡಿಮೆಯಾದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದಲ್ಲ ಎಂದು ಕೇಳುವವರಿದ್ದಾರೆ. ಅಮೆರಿಕದ ನಿಯಮದಂತೆ, ಒತ್ತಡವು ಚೀಟಿಯ ಅಂಕಿಗಿಂತ ಶೇ. 25ರಷ್ಟು ಇಳಿದಾಗ ಆ ದೀಪ ಹೊತ್ತಿಕೊಂಡರೆ ಸಾಕು. ಅಂದರೆ 33 ಇರಬೇಕಾದ ಟೈರು 25ರ ಆಸುಪಾಸಿಗೆ ಬರುವವರೆಗೂ ಅದು ಸುಮ್ಮನಿರಬಹುದು. ಕೆಲವು ಕಾರುಗಳಲ್ಲಿ ಟೈರಿನೊಳಗೆ ಸೆನ್ಸರ್ ಇರುವುದಿಲ್ಲ. ಗಾಳಿ ಇಳಿದ ಚಕ್ರ ತುಸು ಕುಗ್ಗಿ ಉಳಿದವಕ್ಕಿಂತ ವೇಗವಾಗಿ ತಿರುಗುವುದನ್ನು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರುಗಳೇ ಗುರುತಿಸುತ್ತವೆ. ಇಂಥ ಕಾರಿನಲ್ಲಿ ಗಾಳಿ ಸರಿಪಡಿಸಿದ ತಕ್ಷಣ ಮೆನುವಿಗೆ ಹೋಗಿ ವ್ಯವಸ್ಥೆಯನ್ನು ರೀಸೆಟ್ ಮಾಡಲೇಬೇಕು, ಇಲ್ಲದಿದ್ದರೆ ಅದು ಹಳೆಯ, ತಪ್ಪು ಒತ್ತಡವನ್ನೇ ಸರಿಯೆಂದು ಇಟ್ಟುಕೊಂಡಿರುತ್ತದೆ.

ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನೂ ಅದೇ ದಿನ ಅಳೆದುಬಿಡುವುದು ಒಳ್ಳೆಯದು. ತಾತ್ಕಾಲಿಕ ಬಳಕೆಗೆಂದು ಕೊಡುವ ತೆಳು ಸ್ಟೆಪ್ನಿಯಾದರೆ ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕಾಗುತ್ತದೆ, ಮತ್ತು ಆ ಅಂಕಿ ಅದರ ಮೈಮೇಲೆಯೇ ಬರೆದಿರುತ್ತದೆ.