ಬೆಂಗಳೂರಿನ ರೂಬೆನ್ ಸ್ಯಾಂಡ್‌ವಿಚ್ ಒರಿಜಿನಲ್ಲಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಇಂದಿರಾನಗರದ ಒಳರಸ್ತೆಯ ಒಂದು ಸಣ್ಣ ಹೋಟೆಲಿನಲ್ಲಿ ರೂಬೆನ್ ಸ್ಯಾಂಡ್‌ವಿಚ್ ತಿಂದೆ ಎಂದು ಯಾರಿಗೆ ಹೇಳಿದರೂ ಒಂದೇ ಪ್ರಶ್ನೆ ಬರುತ್ತದೆ. ‘ಅದು ಒರಿಜಿನಲ್ ತರ ಇರುತ್ತಾ?’ ಅಮೆರಿಕದಲ್ಲಿದ್ದು ಬಂದವರೂ ಕೇಳುತ್ತಾರೆ, ಅದನ್ನು ಒಮ್ಮೆಯೂ ತಿನ್ನದವರೂ ಕೇಳುತ್ತಾರೆ. ನನ್ನ ಉತ್ತರ: ಇರುತ್ತದೆ, ಕೋಸು ನಿಜವಾಗಿ ಹುಳಿ ಬಂದಿದ್ದರೆ.

ಕೋಸಿಗೂ ಒರಿಜಿನಲ್‌ಗೂ ಏನು ಸಂಬಂಧ? ಮೊದಲು ಈ ಸ್ಯಾಂಡ್‌ವಿಚ್‌ನಲ್ಲಿ ಏನೇನು ಇರುತ್ತದೆ ಎಂದು ಹೇಳುತ್ತೇನೆ. ರೈ ಎನ್ನುವ ಧಾನ್ಯದ ಬ್ರೆಡ್ಡಿನ ಎರಡು ಹೋಳು. ನಡುವೆ ಉಪ್ಪುನೀರಿನಲ್ಲಿ ನೆನೆಸಿ ಬೇಯಿಸಿದ ಮಾಂಸ, ಅಂದರೆ ಕಾರ್ನ್‌ಡ್ ಬೀಫ್. ಅದರ ಜೊತೆ ಸ್ವಿಸ್ ಚೀಸ್, ಹುಳಿ ಬರಿಸಿದ ಎಲೆಕೋಸು ಮತ್ತು ರಷ್ಯನ್ ಡ್ರೆಸ್ಸಿಂಗ್ ಎನ್ನುವ ಕೆಂಪು ಸಾಸ್. ಆ ಸಾಸ್ ಹೆಸರಲ್ಲಿ ರಷ್ಯ ಇದ್ದರೂ ಹುಟ್ಟಿದ್ದು ಅಮೆರಿಕದಲ್ಲೇ. ಕೊನೆಗೆ ಬ್ರೆಡ್ಡಿನ ಹೊರಮೈಗೆ ಬೆಣ್ಣೆ ಸವರಿ ಕಾವಲಿಯ ಮೇಲೆ ಒತ್ತಿ ಸುಡುತ್ತಾರೆ. ಕಾರ್ನ್ ಎಂದ ತಕ್ಷಣ ಮೆಕ್ಕೆಜೋಳ ನೆನಪಾಗುತ್ತದೆ, ಅಲ್ವಾ? ಜೋಳಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಕಾಳಿನಷ್ಟು ದಪ್ಪದ ಯಾವುದಕ್ಕೂ ಕಾರ್ನ್ ಎನ್ನುತ್ತಿದ್ದರು. ಇಲ್ಲಿ ಅದು ಕಲ್ಲುಪ್ಪಿನ ಹರಳು.

ಇನ್ನು ಒರಿಜಿನಲ್ ಯಾವುದು? ನ್ಯೂಯಾರ್ಕಿನವರು ಹೇಳುವ ಪ್ರಕಾರ, ಅಲ್ಲಿ ಅಂಗಡಿ ನಡೆಸುತ್ತಿದ್ದ ಆರ್ನಲ್ಡ್ ರೂಬೆನ್ 1914ರಲ್ಲಿ ಇದನ್ನು ಮಾಡಿದರು. ಅಮೆರಿಕದ್ದೇ ಇನ್ನೊಂದು ಊರಾದ ಒಮಾಹಾದವರು ಒಪ್ಪುವುದಿಲ್ಲ. 1920ರ ದಶಕದಲ್ಲಿ ತಮ್ಮೂರಿನ ಬ್ಲ್ಯಾಕ್‌ಸ್ಟೋನ್ ಹೋಟೆಲಿನಲ್ಲಿ, ಇಸ್ಪೀಟಾಡುತ್ತ ಕೂತಿದ್ದ ದಿನಸಿ ವ್ಯಾಪಾರಿ ರೂಬೆನ್ ಕುಲಕೋಫ್‌ಸ್ಕಿ ಇದನ್ನು ಮಾಡಿಸಿಕೊಂಡರು ಎನ್ನುತ್ತಾರೆ. 1956ರಲ್ಲಿ ಒಂದು ರಾಷ್ಟ್ರೀಯ ಸ್ಯಾಂಡ್‌ವಿಚ್ ಸ್ಪರ್ಧೆಯಲ್ಲಿ ಒಮಾಹಾದವರೊಬ್ಬರು ಇದನ್ನೇ ಕಳಿಸಿ ಗೆದ್ದರು. ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಇನ್ನೊಂದು ವಿಷಯ. ಇದನ್ನು ಎಲ್ಲರೂ ಯಹೂದಿ ಡೆಲಿಯ, ಅಂದರೆ ಉಪ್ಪು ಹಾಕಿಟ್ಟ ಮಾಂಸ, ಸ್ಯಾಂಡ್‌ವಿಚ್ ಮಾರುವ ಅಂಗಡಿಯ ತಿಂಡಿ ಎನ್ನುತ್ತಾರೆ. ಆದರೆ ಯಹೂದಿಗಳ ಕೋಷರ್ ನಿಯಮದಲ್ಲಿ ಮಾಂಸವನ್ನೂ ಹಾಲಿನ ಪದಾರ್ಥವನ್ನೂ ಒಟ್ಟಿಗೆ ತಿನ್ನುವಂತಿಲ್ಲ. ಇದರಲ್ಲಿ ಎರಡೂ ಇವೆ. ಹುಟ್ಟಿದ ಮನೆಯಲ್ಲೇ ಮಡಿ ಮುರಿದ ತಿಂಡಿ ಇದು.

ಮಾಂಸದ ಬಗ್ಗೆಯೂ ಕೇಳುತ್ತಾರೆ. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾನೂನಿನಲ್ಲಿ ದನ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ ಇದೆ. ಹಾಗಾಗಿ ಈ ಹೋಟೆಲಿನವರು ಬಳಸುವುದು ಎಮ್ಮೆ ಮಾಂಸ. ಮೆನುವಿನಲ್ಲೇ ಬರೆದಿದ್ದಾರೆ, ಅದು ನನಗೆ ಇಷ್ಟವಾಯಿತು. ಇದರಿಂದ ರೂಬೆನ್ ಕೆಟ್ಟುಹೋಯಿತು ಎಂದು ನನಗೆ ಅನ್ನಿಸುವುದಿಲ್ಲ. ಡೆಲಿಯ ಇನ್ನೊಂದು ಹೆಸರಾಂತ ಮಾಂಸ ಪಾಸ್ಟ್ರಾಮಿಯನ್ನೇ ನೋಡಿ. ರೊಮೇನಿಯಾದಲ್ಲಿ ಯಹೂದಿಗಳು ಅದನ್ನು ಬಾತುಕೋಳಿ ಜಾತಿಯ ದೊಡ್ಡ ಹಕ್ಕಿಯ ಮಾಂಸದಲ್ಲಿ ಮಾಡುತ್ತಿದ್ದರು. ನ್ಯೂಯಾರ್ಕಿಗೆ ಬಂದ ಮೇಲೆ ಅಲ್ಲಿ ದನದ ಎದೆಭಾಗ ಅಗ್ಗ ಎಂದು ಅದಕ್ಕೆ ಬದಲಾದರು. ಊರು ಬಿಟ್ಟು ಬಂದವರು ಸಿಕ್ಕಿದ್ದರಲ್ಲಿ ಮಾಡಿಕೊಂಡರು. ಬಿಡದೆ ಉಳಿಸಿಕೊಂಡದ್ದು ಕೆಲಸದ ಕ್ರಮ: ಉಪ್ಪು, ಮಸಾಲೆ, ಕಾಯುವುದು. ವಯಸ್ಸಾದ ಎಮ್ಮೆಯ ಮಾಂಸ ಗಟ್ಟಿ, ಅದಕ್ಕೆ ಈ ಕ್ರಮ ಸರಿಯಾಗಿ ಒಪ್ಪುತ್ತದೆ. ಒಂದು ವಾರ ಉಪ್ಪುನೀರಿನಲ್ಲಿಟ್ಟು, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ನಾರು ಬಿಡುತ್ತದೆ, ಅಂಟು ಕರಗುತ್ತದೆ. ಉಪ್ಪುನೀರಿಗೆ ಬೀಳುವುದು ಕೊತ್ತಂಬರಿ ಬೀಜ, ಸಾಸಿವೆ, ಮೆಣಸು, ಲವಂಗ. ಎಲ್ಲ ನಮ್ಮ ಸಾಂಬಾರ ಡಬ್ಬಿಯಲ್ಲಿರುವ ಸಾಮಾನುಗಳೇ.

ಈಗ ಕೋಸಿಗೆ ಬರುತ್ತೇನೆ. ಜನ ಜಾಸ್ತಿ ಗಮನ ಕೊಡದಿರುವುದು ಇದಕ್ಕೇ.

ಸಾವರ್‌ಕ್ರೌಟ್ ಎಂದರೆ ಸಣ್ಣಗೆ ಹೆಚ್ಚಿದ ಕೋಸು ಮತ್ತು ಉಪ್ಪು, ಅಷ್ಟೇ. ಒಂದು ಕಿಲೋ ಕೋಸಿಗೆ ಸುಮಾರು 20 ಗ್ರಾಂ ಉಪ್ಪು. ಚೆನ್ನಾಗಿ ಹಿಸುಕಿದರೆ ಕೋಸೇ ನೀರು ಬಿಡುತ್ತದೆ. ಆ ನೀರಿನಲ್ಲಿ ಅದನ್ನು ಮುಳುಗಿಸಿ, ಮೇಲೆ ಭಾರ ಇಡಬೇಕು. ವಿನೆಗರ್ ಬೇಡ, ನಿಂಬೆಹಣ್ಣು ಬೇಡ. ಮಲೆನಾಡಿನಲ್ಲಿ ಮಾವಿನಮಿಡಿಗೆ ಉಪ್ಪು ಹಾಕಿ, ಅದು ನೀರು ಬಿಟ್ಟು ಸುಕ್ಕಾಗುವವರೆಗೆ ಕಾಯುತ್ತಾರಲ್ಲ, ಅದೇ ತರ. ಇಲ್ಲಿ ಹುಳಿ ತಾನಾಗಿಯೇ ಹುಟ್ಟುತ್ತದೆ. ಕೋಸಿನಲ್ಲಿ ಆ ಕೆಲಸವನ್ನು ಮೊದಲು ಶುರು ಮಾಡುವ ಬ್ಯಾಕ್ಟೀರಿಯಾದ ಹೆಸರು ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್. ನಮ್ಮ ಇಡ್ಲಿ ಹಿಟ್ಟು ರಾತ್ರಿಯೆಲ್ಲ ಉಬ್ಬುವುದಕ್ಕೂ ಮುಖ್ಯ ಕಾರಣ ಇದೇ. ಇದು ಗೊತ್ತಾದ ದಿನ ನನಗೆ ಎಷ್ಟು ಖುಷಿಯಾಯಿತು ಅಂದರೆ, ರಾತ್ರಿ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ಸುಮ್ನೆ ನೋಡುತ್ತ ನಿಂತಿದ್ದೆ.

ಡಿಸೆಂಬರ್ ಚಳಿಯಲ್ಲಿ ಬೆಂಗಳೂರಿನ ಯಾವ ಮನೆಯಲ್ಲೂ ಹಿಟ್ಟು ಬೇಗ ಹುಳಿ ಬರುವುದಿಲ್ಲ. ಕೋಸೂ ಹಾಗೆಯೇ, ಅವಸರ ಮಾಡಿದರೆ ಕೇಳುವುದಿಲ್ಲ. ಹಾಗಾಗಿ ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ನಾನು ಈ ಊರಿನಲ್ಲಿ ಮೊದಲು ತಿಂದ ರೂಬೆನ್ ಇನ್ನೊಂದು ಕಡೆಯದು. ಅದರಲ್ಲಿ ಹಸಿ ಕೋಸಿಗೆ ವಿನೆಗರ್ ಸುರಿದಿದ್ದರು. ಬಾಯಿಗಿಟ್ಟ ತಕ್ಷಣ ಮೂಗಿಗೆ ಹತ್ತಿತು, ಆಮೇಲೆ ನಾಲಿಗೆಯಲ್ಲಿ ಏನೂ ಉಳಿಯಲಿಲ್ಲ. ಬಿಳಿ ಬ್ರೆಡ್ಡು ಸಾಸ್ ಕುಡಿದು ಮುದ್ದೆಯಾಗಿತ್ತು. ಮಾಂಸ ಚೆನ್ನಾಗಿಯೇ ಇತ್ತು. ಆದರೂ ಅದು ರೂಬೆನ್ ಆಗಿರಲಿಲ್ಲ.

ಇಂದಿರಾನಗರದಲ್ಲಿ ತಿಂದದ್ದರ ಹುಳಿಯೇ ಬೇರೆ. ಮೆತ್ತಗೆ ಶುರುವಾಗಿ ನಿಧಾನವಾಗಿ ಏರಿತು. ಚೀಸಿನ ಜಿಡ್ಡನ್ನು ಕತ್ತರಿಸಿತು, ಮಾಂಸದ ಉಪ್ಪಿಗೆ ಜೊತೆಯಾಯಿತು. ಎರಡು ದಿನದ ಹಿಟ್ಟಿನಲ್ಲಿ ಹುಯ್ದ ದೋಸೆಯ ರುಚಿ ಗೊತ್ತಿರುವವರಿಗೆ ಈ ಹುಳಿಯನ್ನು ಯಾರೂ ಪರಿಚಯ ಮಾಡಿಸಬೇಕಿಲ್ಲ. ಬ್ರೆಡ್ಡಿನ ಎರಡೂ ಹೋಳಿಗೆ ಒಳಗಡೆ ಚೀಸ್ ಹಾಸಿ, ನಡುವೆ ಹಿಂಡಿದ ಕೋಸು ಇಟ್ಟಿದ್ದರು. ಹಾಗೆ ಮಾಡಿದರೆ ನೀರು ಬ್ರೆಡ್ಡಿಗೆ ಇಳಿಯುವುದಿಲ್ಲ. ಕಾವಲಿಯ ಕೆಲಸವಂತೂ ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ. ದೋಸೆಯ ಅಂಚಿನ ಹಾಗೆ ಗರಿಗರಿಯಾಗಿ ಕೆಂಪಗೆ ಸುಟ್ಟಿದ್ದರು.

ರೈ ಎಂದರೆ ರಾಗಿ ಅಲ್ಲ, ಸಾಸಿವೆಯೂ ಅಲ್ಲ. ಅದು ಚಳಿ ದೇಶದ ಗೋಧಿ ಜಾತಿಯ ಧಾನ್ಯ. ಈ ಹೋಟೆಲಿನ ಬ್ರೆಡ್ಡಿನಲ್ಲಿ ರೈ ಸ್ವಲ್ಪ ಕಡಿಮೆ, ಮೈದಾ ಜಾಸ್ತಿ ಎಂದು ನನಗೆ ಅನ್ನಿಸಿತು. ಅದೊಂದೇ ನನ್ನ ತಕರಾರು.

ಬೆಲೆ 650 ರೂಪಾಯಿ. ಜಾಸ್ತಿ ಎನ್ನುವವರ ಮೇಲೆ ನನಗೆ ಬೇಸರ ಇಲ್ಲ, ನಾನೂ ತಿಂಗಳಿಗೊಮ್ಮೆ ಮಾತ್ರ ಹೋಗುತ್ತೇನೆ. ಹೋಗುವುದಾದರೆ ಅಲ್ಲೇ ಕೂತು ತಿನ್ನಿ, ಮನೆಗೆ ತರಿಸಬೇಡಿ. ಡಬ್ಬಿಯೊಳಗಿನ ಹಬೆಗೆ ಬ್ರೆಡ್ಡು ಹತ್ತು ನಿಮಿಷದಲ್ಲಿ ಸೋಲುತ್ತದೆ. ಆರ್ಡರ್ ಕೊಡುವ ಮೊದಲು ಒಂದೇ ಮಾತು ಕೇಳಿ: ‘ಕೋಸು ಎಷ್ಟು ದಿನದ್ದು?’ ಮಾಡುವವರಿಗೆ ಆ ಪ್ರಶ್ನೆ ಇಷ್ಟವಾಗುತ್ತದೆ. ನಾನು ಕೇಳಿದ ದಿನ ಅಡುಗೆಯವರು ಒಳಗಿನಿಂದ ಜಾಡಿಯನ್ನೇ ತಂದು ತೋರಿಸಿದರು. ಹದಿನಾರು ದಿನ ಆಗಿತ್ತು. ಒಂದು ಚಿಕ್ಕ ಡಬ್ಬಿಯಲ್ಲಿ ಸ್ವಲ್ಪ ಕೋಸನ್ನೂ ಹಾಕಿಕೊಟ್ಟರು.

ಅಮ್ಮ ಮಾಂಸ ಮುಟ್ಟುವುದಿಲ್ಲ. ಆ ಕೋಸನ್ನು ರಾತ್ರಿ ಮೊಸರನ್ನದ ಜೊತೆ ನಂಜಿಕೊಂಡರು. ಎರಡು ತುತ್ತು ಆದ ಮೇಲೆ ‘ಇದಕ್ಕೆ ಉಪ್ಪು ಎಷ್ಟು ಹಾಕುತ್ತಾರೆ?’ ಎಂದು ಕೇಳಿದರು. ಈಗ ನಮ್ಮ ಅಡುಗೆಮನೆಯಲ್ಲಿ, ಅವರ ಉಪ್ಪಿನಕಾಯಿ ಭರಣಿಗಳ ಪಕ್ಕ ಒಂದು ಗಾಜಿನ ಜಾಡಿ ಇದೆ. ಇವತ್ತಿಗೆ ಒಂಬತ್ತು ದಿನ. ಬೆಳಿಗ್ಗೆ ರುಚಿ ನೋಡಿದ ಅಮ್ಮ, ಇನ್ನೂ ಒಂದು ವಾರ ಬೇಕು ಎಂದರು.