ಜಿಥರ್ ನುಡಿಸಿದವನ ಊರಿನಲ್ಲಿ

ವಿಯೆನ್ನಾಕ್ಕೆ ಹೋಗುವವರು ಮೊಜಾರ್ಟನ ಹೆಸರು ಹಿಡಿದು ಹೋಗುತ್ತಾರೆ. ನಾನು ಹೋದದ್ದು ಆಂಟನ್ ಕರಾಸ್ ಎಂಬ ವಾದಕನನ್ನು ನೆನೆದು. ದ್ರಾಕ್ಷಿತೋಟದ ಅಂಚಿನ ವೈನ್ ಅಂಗಡಿಗಳಲ್ಲಿ ಕುಳಿತು, ಕುಡಿಯಲು ಬಂದವರಿಗಾಗಿ ಜಿಥರ್ ನುಡಿಸಿ ಬದುಕುತ್ತಿದ್ದವನು ಆತ. 1949ರಲ್ಲಿ ತೆರೆಕಂಡ ‘ದಿ ಥರ್ಡ್ ಮ್ಯಾನ್’ ಚಿತ್ರದ ಸಂಗೀತವೆಲ್ಲ ಅವನೊಬ್ಬನ ಬೆರಳುಗಳದ್ದು.

ಆ ಚಿತ್ರಕ್ಕೇ ಮೀಸಲಾದ ಪುಟ್ಟ ವಸ್ತುಸಂಗ್ರಹಾಲಯವೊಂದು ನಾಶ್‌ಮಾರ್ಕ್ಟ್ ಸಂತೆಯ ಸಮೀಪದ ಗಲ್ಲಿಯಲ್ಲಿದೆ. ಶನಿವಾರ ಮಧ್ಯಾಹ್ನ ಅಲ್ಲಿ ಕರಾಸನ ಜಿಥರ್‌ ಎದುರು ನಿಂತೆ. ನಮ್ಮ ಸ್ವರಮಂಡಲದ ದೂರದ ನೆಂಟನಂತೆ ಕಾಣುವ, ಮೇಜಿನ ಮೇಲೆ ಮಲಗಿಸಿ ನುಡಿಸುವ ಮರದ ಪೆಟ್ಟಿಗೆ. ವೀಣೆಯಂತೆ ಮೆಟ್ಟಿಲುಗಳಿರುವ ಕೆಲವೇ ತಂತಿಗಳ ಮೇಲೆ ರಾಗ ನಡೆಯುತ್ತದೆ; ಪಕ್ಕದ ಹತ್ತಾರು ತಂತಿಗಳನ್ನು ಉಳಿದ ಬೆರಳುಗಳು ಮೀಟುತ್ತ ಅದಕ್ಕೆ ಜೊತೆ ಕೊಡುತ್ತವೆ. ಹೆಬ್ಬೆರಳಿಗೆ ಉಂಗುರದಂಥ ನಖಿ. ಇಷ್ಟೇ. ಪಿಟೀಲುಗಳ ಸಾಲಿಲ್ಲ, ಕಹಳೆಯಿಲ್ಲ, ನಗಾರಿಯಿಲ್ಲ.

ಚಿತ್ರೀಕರಣಕ್ಕೆ ಬಂದಿದ್ದ ನಿರ್ದೇಶಕ ಕ್ಯಾರಲ್ ರೀಡ್ ಈ ನಾದ ಕೇಳಿ ಮನಸೋತು ಕರಾಸನನ್ನು ಲಂಡನ್ನಿಗೆ ಕರೆಸಿಕೊಂಡ. ಚಿತ್ರದ ಶೀರ್ಷಿಕೆಗಳು ಮೂಡುವಾಗ ತೆರೆಯ ತುಂಬ ಕಾಣುವುದು ಜಿಥರ್‌ನ ಕಂಪಿಸುವ ತಂತಿಗಳು ಮಾತ್ರ. ವಾದ್ಯವೊಂದಕ್ಕೆ ಸಿನಿಮಾ ಸಲ್ಲಿಸಿದ ಇದಕ್ಕಿಂತ ದೊಡ್ಡ ಗೌರವವನ್ನು ನಾನು ನೋಡಿಲ್ಲ. 1950ರಲ್ಲಿ ಆ ಧ್ವನಿಮುದ್ರಿಕೆ ಅಮೆರಿಕದಲ್ಲಿ ಹನ್ನೊಂದು ವಾರ ಅಗ್ರಸ್ಥಾನದಲ್ಲಿತ್ತು. ಕರಾಸ್ ಆಮೇಲೆ ವಿಯೆನ್ನಾದಲ್ಲೇ ತನ್ನದೇ ವೈನ್ ಅಂಗಡಿ ತೆರೆದ.

ನಗರದ ಬುರ್ಗ್ ಕಿನೋ ಚಿತ್ರಮಂದಿರದಲ್ಲಿ ಈ ಚಿತ್ರ ಇವತ್ತಿಗೂ ಮತ್ತೆ ಮತ್ತೆ ಪ್ರದರ್ಶನಗೊಳ್ಳುತ್ತದೆ. ಆ ರಾತ್ರಿ ಅಲ್ಲಿ ಕುಳಿತು, ಕೆಲವು ದೃಶ್ಯಗಳಲ್ಲಿ ಬೇಕೆಂದೇ ಕಣ್ಣು ಮುಚ್ಚಿದೆ. ತೆರೆಯ ಮೇಲೆ ಯುದ್ಧದಲ್ಲಿ ಕುಸಿದ ಊರು, ಕಲಬೆರಕೆ ಪೆನಿಸಿಲಿನ್ ಮಾರುವ ಕಾಳದಂಧೆ, ಅದಕ್ಕೆ ಬಲಿಯಾದ ಮಕ್ಕಳು. ಕಿವಿಯಲ್ಲಿ ಮಾತ್ರ ಹಬ್ಬದ ಬೀದಿಯಲ್ಲಿ ನಡೆದಂಥ ಲಯ. ಸಂಗೀತ ಇಲ್ಲಿ ದುಃಖಕ್ಕೆ ದುಃಖ ಸೇರಿಸುವುದಿಲ್ಲ. ಏನೂ ಆಗಿಲ್ಲವೆಂಬಂತೆ ಊರು ಬದುಕುತ್ತಲೇ ಇರುವುದನ್ನು ಕೇಳಿಸುತ್ತದೆ. ಎದೆ ಹಿಂಡುವುದು ಅದೇ. ಪಾತ್ರ ಅಳುವ ಮೊದಲೇ ಪಿಟೀಲುಗಳು ಅತ್ತು ಮುಗಿಸುವ ನಮ್ಮ ಈಗಿನ ಎಷ್ಟೋ ಚಿತ್ರಗಳು ಆ ಕತ್ತಲಲ್ಲಿ ನೆನಪಾದವು.

ಮರುದಿನ 71ನೇ ಸಂಖ್ಯೆಯ ಟ್ರಾಮ್ ಹಿಡಿದು ಕೇಂದ್ರ ಸ್ಮಶಾನಕ್ಕೆ ಹೋದೆ. ಬೀಥೋವನ್, ಶೂಬರ್ಟ್, ಬ್ರಾಮ್ಸ್ ಅಲ್ಲಿ ನೆರೆಹೊರೆಯವರಂತೆ ಮಲಗಿದ್ದಾರೆ. ಮೊಜಾರ್ಟನದು ಸ್ಮಾರಕ ಮಾತ್ರ. ಅವನನ್ನು ಮಣ್ಣು ಮಾಡಿದ್ದು ಸೇಂಟ್ ಮಾರ್ಕ್ಸ್ ಸ್ಮಶಾನದಲ್ಲಿ. ಅಲ್ಲಿಯೂ ನಿಖರವಾದ ಜಾಗ ಯಾರಿಗೂ ತಿಳಿಯದು. ಅವನ ನಲವತ್ತನೆಯ ಸಿಂಫನಿಯ ಆರಂಭದ ಸ್ವರಗಳನ್ನು ಸಲೀಲ್ ಚೌಧರಿ 1961ರಲ್ಲಿ ‘ಛಾಯಾ’ ಚಿತ್ರದ ಹಾಡೊಂದಕ್ಕೆ ಒಗ್ಗಿಸಿಕೊಂಡರು. ಬಾಲ್ಯದಲ್ಲಿ ರೇಡಿಯೋದ ಮುಂದೆ ಕುಳಿತು ತಲತ್ ಮಹಮೂದ್ ಮತ್ತು ಲತಾ ಅವರ ದನಿಯಲ್ಲಿ ನಾನು ಮೊದಲು ಕೇಳಿದ ಮೊಜಾರ್ಟ್ ಅದು. ಹಾಗೆಂದು ಗೊತ್ತಾಗಲು ಬಹಳ ವರ್ಷ ಬೇಕಾಯಿತು. ಸ್ಮಾರಕದ ಮುಂದೆ ನಿಂತಾಗ ತುಟಿಗೆ ಬಂದದ್ದೂ ಆ ಹಿಂದಿ ಹಾಡೇ.

‘ದಿ ಥರ್ಡ್ ಮ್ಯಾನ್’ ಚಿತ್ರದ ಕೊನೆಯ ದೃಶ್ಯವನ್ನು ತೆಗೆದದ್ದು ಇದೇ ಸ್ಮಶಾನದ ಸಾಲುಮರದ ದಾರಿಯಲ್ಲಿ. ನಾಯಕಿ ದೂರದಿಂದ ನಡೆದು ಬರುತ್ತಾಳೆ, ಕಾದು ನಿಂತವನನ್ನು ನೋಡದೆ ಮುಂದೆ ಸಾಗುತ್ತಾಳೆ. ಮಾತಿಲ್ಲ, ಜಿಥರ್ ಮಾತ್ರ. ಅಂಥದೇ ಒಂದು ದಾರಿಯಲ್ಲಿ ನಡೆಯುತ್ತಿದ್ದಾಗ ನನಗೆ, ಎಷ್ಟೋ ವರ್ಷಗಳ ಹಿಂದೆ ಭೇಟಿಯಾಗಿದ್ದ ಒಬ್ಬ ಹಿರಿಯರು ನೆನಪಾದರು. ಕನ್ನಡದ ಹಾಡುಗಳೆಲ್ಲ ಮದರಾಸಿನಲ್ಲಿ ಧ್ವನಿಮುದ್ರಣವಾಗುತ್ತಿದ್ದ ಕಾಲದ ಪಿಟೀಲು ವಾದಕರು. ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸುತ್ತ ಸಹಾಯಕರಾಗಿದ್ದ ಇಳಯರಾಜ ಆ ವಾದ್ಯವೃಂದದ ಬದುಕಿನಿಂದಲೇ ಎದ್ದು ಬಂದವರು. 2025ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಅವರ ಸಿಂಫನಿ ಮೊಳಗಿತು. ಉಳಿದವರ ಹೆಸರು ಧ್ವನಿಮುದ್ರಿಕೆಯ ಹೊದಿಕೆಯ ಮೇಲೂ ಅಚ್ಚಾಗಲಿಲ್ಲ.

ಆ ಹಿರಿಯರು ನನ್ನೊಂದಿಗೆ ಒಂದು ಹಾಡು ಗುನುಗಿ, “ಎರಡನೆಯ ಚರಣಕ್ಕೆ ಮೊದಲು ಬರುವ ಪಿಟೀಲು ನನ್ನದು, ಬರೆದುಕೊಳ್ಳಿ” ಎಂದಿದ್ದರು. ನಾಯಕನಟರೊಬ್ಬರ ಸಂದರ್ಶನಕ್ಕೆ ಹೊತ್ತಾಗುತ್ತಿತ್ತು. ನಾನು ಬರೆದುಕೊಳ್ಳಲಿಲ್ಲ. ಯಾವ ಹಾಡು ಎಂಬುದೂ ಮರೆತುಹೋಗಿದೆ.

ಹಿಂದಿರುಗುವ ಟ್ರಾಮಿನಲ್ಲಿ ಕುಳಿತು ಅವರ ಮನೆಗೆ ಫೋನ್ ಮಾಡಿದೆ. ಮಗಳು ಎತ್ತಿಕೊಂಡರು. “ಅಪ್ಪನಿಗೆ ಕಿವಿ ಸ್ವಲ್ಪ ಮಂದ, ಸಾರ್. ಜೋರಾಗಿ ಮಾತಾಡಿ” ಎಂದು ಫೋನನ್ನು ಅವರ ಕೈಗಿತ್ತರು.