ಹೊಟ್ಟೆಪಾಡಿನ ಹೋರಾಟದಲ್ಲಿ ಇವರ ಮಾತೇಕೆ?

ಶಿರಸಿಯಲ್ಲಿ ನಮ್ಮ ಕೂಲಿಕಾರರ ಸಂಘಟನೆಯ ಸಭೆ ಮುಗಿದು ಚಹಾ ಬರುವ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಪಡಿತರ, ಪಿಂಚಣಿ, ಕೂಲಿ ಬಾಕಿಗಾಗಿ ಕೂಡಿದವರ ನಡುವೆ ಮಂಗಳಮುಖಿಯರ, ಸಲಿಂಗಿಗಳ ಹಕ್ಕಿನ ವಿಷಯವನ್ನು ಏಕೆ ತರುತ್ತೀರಿ, ಅದೆಲ್ಲ ಬೆಂಗಳೂರಿನ ಉಳ್ಳವರದಲ್ಲವೇ ಮಾರಾಯ್ರೆ? ಕೇಳುವವರಲ್ಲಿ ಹಗೆ ಕಡಿಮೆ. ಹತ್ತು ಬೇಡಿಕೆಗಳ ಜೊತೆ ಹನ್ನೊಂದನೆಯದು ಸೇರಿದರೆ ಮೊದಲ ಹತ್ತೂ ಹಗುರಾಗಬಹುದೆಂಬ ಅಂಜಿಕೆಯೇ ಹೆಚ್ಚು. ಆದ್ದರಿಂದ ಉತ್ತರವನ್ನು ಬರೆದೇ ಇಡುತ್ತಿದ್ದೇನೆ.

ನಮ್ಮಲ್ಲಿ ಬಡವರಿಗೆ ಸರ್ಕಾರದಿಂದ ಸಿಗುವುದರಲ್ಲಿ ಬಹುಪಾಲು ಕುಟುಂಬದ ಹೆಸರಿನಲ್ಲಿಯೇ ಸಿಗುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯವನ್ನು ನಿಗದಿಪಡಿಸಿ, 18 ವರ್ಷ ತುಂಬಿದ ಹಿರಿಯ ಮಹಿಳೆಯನ್ನು ಮನೆಯ ಯಜಮಾನಿ ಎಂದು ಗುರುತಿಸಿತು. ಗೃಹಲಕ್ಷ್ಮಿಯ 2,000 ರೂಪಾಯಿಯೂ ಯಜಮಾನಿಯ ಖಾತೆಗೇ ಬರುತ್ತದೆ. ಸಂಸಾರವಂದಿಗರಿಗೆ ಇದರಿಂದ ಆಗಿರುವ ಉಪಕಾರ ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೆಣ್ಣಿಗನೆಂದೋ, ಮದುವೆಗೆ ಒಪ್ಪಲಿಲ್ಲವೆಂದೋ ಮನೆಯಿಂದ ಹೊರಬಿದ್ದವರ ಹೆಸರು ಹಳೆಯ ಪಡಿತರ ಚೀಟಿಯಲ್ಲೇ ಉಳಿಯುತ್ತದೆ, ಅವರ ಪಾಲಿನ ಅಕ್ಕಿ ಹೊರಹಾಕಿದ ಮನೆಯಲ್ಲೇ ಬೇಯುತ್ತದೆ. ಬೇರೆ ಚೀಟಿ ಬೇಕೆಂದರೆ ಮೊದಲು ಹಳೆಯದರಿಂದ ಹೆಸರು ತೆಗೆಸಬೇಕು, ಅದಕ್ಕಾಗಿ ಮತ್ತೆ ಆ ಮನೆಯವರ ಮುಂದೆಯೇ ಹೋಗಿ ನಿಲ್ಲಬೇಕಾದ ಪ್ರಸಂಗ ಬರುತ್ತದೆ.

ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳಿಂದ ಮೀನಿನ ಬುಟ್ಟಿ ಇಳಿಸುವ ಕೆಲಸ ಮಾಡುತ್ತಿದ್ದವರೊಬ್ಬರು ನಮ್ಮಲ್ಲಿ ಅರ್ಜಿ ಬರೆಸಲು ಬಂದಿದ್ದರು. ಪ್ಲಾಸ್ಟಿಕ್ ಚೀಲದಿಂದ ಒಂದೊಂದಾಗಿ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಆಧಾರ್ ಕಾರ್ಡಿನಲ್ಲಿ ಹುಡುಗನೆಂದು ಇಟ್ಟಿದ್ದ, ಅವರು ಈಗ ಬಿಟ್ಟಿರುವ ಹೆಸರು, ಊರಿನ ವಿಳಾಸ; ಶಾಲೆಯ ಟಿ.ಸಿ.ಯಲ್ಲಿ ಒಂಬತ್ತನೆಯ ತರಗತಿಗೆ ನಿಂತ ಓದು. ಈಗಿನ ವಿಳಾಸಕ್ಕೆ ಪುರಾವೆಯಾಗಿ ಬಾಡಿಗೆ ಕರಾರು ಬೇಕಿತ್ತು. ಕೋಣೆಯ ಮಾಲೀಕರು ತಿಂಗಳ ಬಾಡಿಗೆಯನ್ನು ಬೇರೆಯವರಿಗಿಂತ ಹೆಚ್ಚು ಪಡೆಯುತ್ತಿದ್ದರೂ ಇಂಥವರಿಗೆ ಮನೆ ಕೊಟ್ಟಿದ್ದೇನೆಂದು ಕಾಗದದ ಮೇಲೆ ಬರೆಯಲು ಒಪ್ಪಿರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಬಂದರಿನ ಉಳಿದ ಕೂಲಿಗಳೂ ಬಡವರೇ ಆಗಿರುತ್ತಾರೆ, ಆದರೆ ಅವರ ಮನೆಗಳಲ್ಲಿ ಚೀಟಿಯ ಅಕ್ಕಿ ಇರುತ್ತದೆ. ಇವರಿಗೆ ಉಳಿಯುವುದು ರೈಲಿನಲ್ಲಿ ಕೈಚಾಚುವುದು ಅಥವಾ ಗೋವಾಕ್ಕೆ ಹೋಗಿ ಸಿಕ್ಕಿದ್ದನ್ನು ಮಾಡುವುದು. ಇದನ್ನು ಹಕ್ಕಿನ ಪ್ರಶ್ನೆ ಎನ್ನಬೇಕೋ ಹಸಿವಿನ ಪ್ರಶ್ನೆ ಎನ್ನಬೇಕೋ ಎಂದು ಬೇರ್ಪಡಿಸಲು ನನಗಂತೂ ಬರುವುದಿಲ್ಲ.

ಕಾನೂನು ಸುಮ್ಮನೆ ಕುಳಿತಿಲ್ಲ. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳಬಹುದೆಂದಿತು. 2018ರಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲವೆಂದಿತು. 2021ರಲ್ಲಿ ಕರ್ನಾಟಕವು ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರಷ್ಟು ಮೀಸಲಾತಿ ತಂದಿತು. ಒಂಬತ್ತನೆಯ ತರಗತಿಗೆ ಶಾಲೆ ಬಿಡಿಸಿಕೊಂಡವರಿಗೆ ಆ ಮೀಸಲಾತಿ ಎಷ್ಟು ದಕ್ಕೀತು? ಅವರಿಗೆಂದೇ ರಾಜ್ಯದ ಮೈತ್ರಿ ಯೋಜನೆಯ ಮಾಸಾಶನವಿದೆ, ಆದರೆ ಅದು 25 ವರ್ಷ ದಾಟಿದವರಿಗೆ. ಮನೆ ಬಿಡುವುದು ಹದಿನಾರು ಹದಿನೇಳರಲ್ಲಿ. ನಡುವಿನ ವರ್ಷಗಳನ್ನು ಅವರು ಹೇಗೆ ಕಳೆಯಬೇಕೆಂದು ಯೋಜನೆ ಮಾಡಿದವರು ಯೋಚಿಸಿದಂತಿಲ್ಲ.

ಕೆಲಸ ಕೊಟ್ಟರೆ ಸಾಕೆನ್ನುವವರಿಗೆ ಕೊಚ್ಚಿಯ ಉದಾಹರಣೆ ಕೊಡುತ್ತೇನೆ. 2017ರಲ್ಲಿ ಅಲ್ಲಿನ ಮೆಟ್ರೋ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು ಕೆಲಸಕ್ಕೆ ಸೇರಿಸಿಕೊಂಡಾಗ ದೇಶವೇ ಹೊಗಳಿತು. ಕೆಲವೇ ದಿನಗಳಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ಟರು, ಏಕೆಂದರೆ ಅವರಿಗೆ ಬಾಡಿಗೆ ಮನೆ ಕೊಡುವವರಿರಲಿಲ್ಲ, ಲಾಡ್ಜಿನಲ್ಲಿದ್ದು ತೆರುವಷ್ಟು ಸಂಬಳವೂ ಇರಲಿಲ್ಲ.

ಇನ್ನು ಹನ್ನೊಂದನೆಯ ಬೇಡಿಕೆಯ ಅಂಜಿಕೆ. 1984–85ರಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿ ಕಾರ್ಮಿಕರು ವರ್ಷದುದ್ದಕ್ಕೂ ಮುಷ್ಕರ ಹೂಡಿದಾಗ, ಲಂಡನ್ನಿನ ಸಲಿಂಗಿಗಳ ಗುಂಪೊಂದು ಡಬ್ಬಿ ಹಿಡಿದು ಚಂದಾ ಎತ್ತಿ ವೇಲ್ಸ್‌ನ ಗಣಿ ಕುಟುಂಬಗಳಿಗೆ ತಲುಪಿಸಿತು. ಮುಷ್ಕರ ಸೋತಿತು. ಆದರೂ 1985ರ ಬೇಸಗೆಯಲ್ಲಿ ಅದೇ ಗಣಿ ಊರುಗಳ ಜನ ಲಂಡನ್ನಿಗೆ ಬಂದು ಸಲಿಂಗಿಗಳ ಮೆರವಣಿಗೆಯಲ್ಲಿ ನಡೆದರು, ಅದೇ ವರ್ಷ ಲೇಬರ್ ಪಕ್ಷದ ಸಮ್ಮೇಳನದಲ್ಲಿ ಸಲಿಂಗಿಗಳ ಸಮಾನ ಹಕ್ಕಿನ ನಿರ್ಣಯವನ್ನು ಗಣಿ ಕಾರ್ಮಿಕರ ಸಂಘ ಬೆಂಬಲಿಸಿತು. ಗಣಿಯವರ ಬೇಡಿಕೆ ಇದರಿಂದ ಹಗುರಾಯಿತೆಂದು ಅಲ್ಲಿನವರು ಹೇಳಿದ್ದನ್ನು ನಾನು ಕೇಳಿಲ್ಲ.

ಸಲಿಂಗಿಗಳ ಮದುವೆಗೆ 2023ರಲ್ಲಿ ಸುಪ್ರೀಂ ಕೋರ್ಟು ಮಾನ್ಯತೆ ಕೊಡಲಿಲ್ಲ. ಮರುವರ್ಷ ಕೇಂದ್ರದ ಆಹಾರ ಇಲಾಖೆಯು ಪಡಿತರ ಚೀಟಿಯ ಮಟ್ಟಿಗೆ ಅಂಥ ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸುವಂತೆ ರಾಜ್ಯಗಳಿಗೆ ಬರೆಯಿತು. ಮದುವೆಯ ಚರ್ಚೆ ಟಿವಿಯಲ್ಲಿ ವಾರಗಟ್ಟಲೆ ನಡೆಯಿತು, ಚೀಟಿಯ ಸುದ್ದಿ ಮಾತ್ರ ನಮ್ಮ ಹಳ್ಳಿಗಳನ್ನು ತಲುಪಲೇ ಇಲ್ಲ. ಆ ಸೂಚನೆಯನ್ನು ತಾಲ್ಲೂಕು ಆಹಾರ ಶಾಖೆಗಳಲ್ಲಿ ಜಾರಿಗೆ ತರಬೇಕು, ಮನೆ ಬಿಟ್ಟವರಿಗೆ ಮನೆಯವರ ಒಪ್ಪಿಗೆಯಿಲ್ಲದೆಯೇ ಪ್ರತ್ಯೇಕ ಚೀಟಿ ಕೊಡಬೇಕು, ಅದಕ್ಕಾಗಿ ಕಾರವಾರ, ಶಿರಸಿ, ಭಟ್ಕಳಗಳಲ್ಲಿ ಜೂನ್‌ಗೆ ಮುಂಚೆ ಶಿಬಿರ ನಡೆಸಬೇಕು ಎಂಬುದನ್ನು ಕೂಲಿ ಬಾಕಿಯ ಮನವಿಯಲ್ಲಿಯೇ ಸೇರಿಸಿ ಜಿಲ್ಲಾಧಿಕಾರಿ ಕಚೇರಿಗೆ ಕೊಡಲಿದ್ದೇವೆ.